ಪಾವ್ಲೆಯ ಹೆಂಡತಿ ರೈಲಿನಿಂದ ಇಳಿದ ದಿನ

ಪಾವ್ಲೆ ಬಾಲೆನ್ ಸತ್ತಾಗ ಅವನ ಹೆಂಡತಿ ತೋನ್ಕಾ ಅವನ ಬಳಿಗೆಂದು ಹೊರಟು ಸಮುದ್ರದ ನಡುವೆ ಹಡಗಿನಲ್ಲಿದ್ದಳು.

ಕಾರ್ಖಾನೆಯ ಅಂಗಳದಲ್ಲಿ ಉಕ್ಕಿನ ತೊಲೆಗಳನ್ನು ಎತ್ತುತ್ತಿದ್ದ ಸರಪಳಿ ಹರಿಯಿತು. ಕೆಳಗೆ ನಿಂತಿದ್ದವನು ಪಾವ್ಲೆ. ಜುಲೈ ತಿಂಗಳ ಸೆಕೆ, ಅವಳು ಬರುವ ತನಕ ಇಟ್ಟುಕೊಳ್ಳುವುದು ಆಗದ ಮಾತು ಎಂದು ಪಾದ್ರಿಗಳು ಅಂದುಬಿಟ್ಟರು. ಸಂತ ರೋಕನ ಸಂಘದವರೇ ಬಾವುಟ ಹಿಡಿದು, ಹೆಗಲು ಕೊಟ್ಟು, ಗುಡ್ಡದ ಮೇಲೆ ಸಂಘ ಕೊಂಡುಕೊಂಡಿದ್ದ ಜಾಗದಲ್ಲಿ ಅವನನ್ನು ಮಣ್ಣು ಮಾಡಿದರು. ಆ ಕಾಲಕ್ಕೆ ನಮ್ಮ ಲೀಕಾ ಸೀಮೆಯಿಂದ ಸಮುದ್ರ ದಾಟಿ ಇಲ್ಲಿಗೆ ದುಡಿಯಲು ಬಂದ ಗಂಡಸರಿಗೆ ಅಪ್ಪ, ಅಮ್ಮ, ಅಣ್ಣ, ತಮ್ಮ ಎಲ್ಲ ಆ ಸಂಘವೇ. ಒಬ್ಬ ಜ್ವರ ಬಂದು ಮಲಗಿದರೆ ನೋಡಿಕೊಂಡು ಬರಲು ಸಂಘದಿಂದ ಇಬ್ಬರು ಹೋಗಬೇಕು. ಸತ್ತರೆ ಎಲ್ಲರೂ ಕೆಲಸ ಬಿಟ್ಟು ಸ್ಮಶಾನದ ತನಕ ನಡೆಯಬೇಕು. ಉಳಿದ ಹೆಂಡತಿ ಮಕ್ಕಳ ಕೈ ಬಿಡಬಾರದು. ನನ್ನ ಗಂಡ ಸ್ಟಾನ್ಕೊ ಆಗ ಸಂಘದ ಅಧ್ಯಕ್ಷ. ನಾನು ನದಿಯ ದಂಡೆಯ ಮೇಲಿನ ನಮ್ಮ ಮನೆಯಲ್ಲಿ ಕಾರ್ಖಾನೆಯ ಗಂಡಸರಿಗೆ ಅಡಿಗೆ ಮಾಡಿ ಹಾಕಿ, ಬಟ್ಟೆ ಒಗೆದು, ಮಲಗಲು ಜಾಗ ಕೊಟ್ಟು ಸಂಸಾರ ನಡೆಸುತ್ತಿದ್ದೆ. ಪಾವ್ಲೆಯೂ ನಮ್ಮ ಮನೆಯಲ್ಲೇ ಇದ್ದದ್ದು.

ಅವನಿಗೂ ಲೊವ್ರೆ ಎಂಬುವನಿಗೂ ಸೇರಿ ಒಂದೇ ಹಾಸಿಗೆ. ಒಬ್ಬ ಹಗಲು ಪಾಳಿಗೆ ಹೋದರೆ ಇನ್ನೊಬ್ಬ ರಾತ್ರಿ ಪಾಳಿಯಿಂದ ಬಂದು ಆ ಬಿಸಿ ಆರುವ ಮುಂಚೆ ಅದರಲ್ಲೇ ಬೀಳುತ್ತಿದ್ದ. ಒಬ್ಬ ಬೂಟಿನ ಲಾಡಿ ಕಟ್ಟುತ್ತ, ಇನ್ನೊಬ್ಬ ಲಾಡಿ ಬಿಚ್ಚುತ್ತ ಇರುವಾಗ ಎಷ್ಟು ಮಾತಾಡಲು ಸಾಧ್ಯವೋ ಅಷ್ಟರಲ್ಲೇ ಅವರ ಸ್ನೇಹ ಬೆಳೆದಿತ್ತು. ಆ ಮಾತೂ ಬಹುತೇಕ ತೋನ್ಕಾಳದ್ದೇ. ಮದುವೆಯಾದ ತಿಂಗಳೊಪ್ಪತ್ತಿಗೆ ಪಾವ್ಲೆ ಊರು ಬಿಟ್ಟವನು. ಎಂಟು ವರ್ಷ ಅವಳು ಅತ್ತೆಯ ಮನೆಯಲ್ಲಿ ಕುರಿ ಕಾದುಕೊಂಡು ಕಾದಳು. "ಒಂದು ಫೋಟೋ ತೆಗೆಸಿ ಕಳ್ಸೋ, ಹೆಂಡ್ತಿ ಮರ್ತೇ ಹೋಗ್ತಾಳೆ" ಎಂದು ನಾವು ಛೇಡಿಸಿದರೆ, "ಫೋಟೋ ಯಾಕೆ? ಆಸಾಮಿನೇ ಇದೀನಲ್ಲ, ಅವಳೇ ಬಂದು ನೋಡ್ಲಿ" ಎನ್ನುತ್ತಿದ್ದ. ಕೊನೆಗೂ ಟಿಕೆಟ್ಟು ಕಳಿಸಿದ. ಅವಳು ಹೊರಟಳು. ಆಮೇಲೆ ಸರಪಳಿ ಹರಿಯಿತು.

ಅವಳ ರೈಲು ಬರುವ ದಿನ ಬೆಳಿಗ್ಗೆ ನನ್ನ ಅಡಿಗೆಮನೆಯಲ್ಲಿ ಗಂಡಸರೆಲ್ಲ ಒಳ್ಳೆ ಕೋಟು ಹಾಕಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಗೋಡೆಗೊರಗಿ ನಿಂತಿದ್ದರು.

"ನಾನು ಅಧ್ಯಕ್ಷ. ನಾನೇ ಹೇಳ್ಬೇಕು," ಎಂದ ನನ್ನ ಗಂಡ.

"ನೀನು ಬಾಯಿ ಬಿಟ್ರೆ ಭಾಷಣ ಆಗುತ್ತೆ ಮಾರಾಯ," ಎಂದ ಬ್ಲಾಜ್. ಅವನು ನಮ್ಮ ವಸತಿಯವರಲ್ಲಿ ಎಲ್ಲರಿಗಿಂತ ಬಾಯಿಬಡುಕ. ಆವತ್ತು ಮಾತ್ರ ಅವನ ಮಾತಿಗೆ ಯಾರೂ ನಗಲಿಲ್ಲ. "ಪೆರ್ಕಕ್ಕ ಹೇಳ್ಲಿ. ಹೆಂಗಸಿಗೆ ಹೆಂಗಸೇ ಹೇಳ್ಬೇಕು."

"ಸರಿ, ನಾನೇ ಹೇಳ್ತೀನಿ. ನೀವು ಸುಮ್ನೆ ಹಿಂದೆ ನಿಂತ್ಕೊಳ್ಳಿ ಸಾಕು," ಎಂದೆ.

ಸಂಘದವರು ಎದೆಯ ಮೇಲೆ ಹಾಕಿಕೊಳ್ಳುವ ಪಟ್ಟಿಗೆ ಎರಡು ಮುಖ. ಹಬ್ಬಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ್ದು, ಸಾವಿಗೆ ಕಪ್ಪು. ಎಲ್ಲರೂ ಕಪ್ಪನ್ನು ಹೊರಗೆ ಮಾಡಿಕೊಂಡರು. ಲೊವ್ರೆ ಮಾತ್ರ ಆಗಲೇ ಹೊಳೆಯುತ್ತಿದ್ದ ಬೂಟನ್ನು ಮತ್ತೆ ಮತ್ತೆ ಉಜ್ಜುತ್ತಿದ್ದ.

ರೈಲು ಬಂದಾಗ ನಡುಹಗಲು. ಪ್ಲಾಟ್‌ಫಾರಮ್ಮಿನ ಮೇಲೆ ಗಂಡಸರು ಟೊಪ್ಪಿ ತೆಗೆದು ಸಾಲಾಗಿ ನಿಂತರು. ಡಬ್ಬಿಯಿಂದ ಇಳಿದವರಲ್ಲಿ ಅವಳು ಯಾರೆಂದು ಕೇಳಬೇಕಾಗಲಿಲ್ಲ. ಊರಿನ ಕಸೂತಿಯ ಮೇಲಂಗಿ, ತಲೆಗೆ ಬಿಳಿ ವಸ್ತ್ರ, ಬೆನ್ನಿಗೆ ಗಂಟು. ನಮ್ಮ ಗಂಡಸರೆಲ್ಲ ಅವಳ ಮುಖ ನೋಡಲಾರದೆ ನೆಲ ನೋಡಿದರು. ಲೊವ್ರೆಯೊಬ್ಬನೇ ತಲೆ ಎತ್ತಿದ್ದ. ಅವಳ ತುಟಿಯ ಪಕ್ಕದ ಮಚ್ಚೆ, ನಡೆಯುವಾಗ ಒಂದು ಭುಜ ಮುಂದಾಗುವುದು, ಎಲ್ಲ ಪಾವ್ಲೆ ಎಷ್ಟು ಸಾರಿ ಹೇಳಿದ್ದನೋ. ಕೇಳಿ ಕೇಳಿ ಗೊತ್ತಿದ್ದವಳು ಕಣ್ಣೆದುರಿಗೆ ಬಂದಾಗ ಅವನಿಗೆ ತಿಳಿಯದೆಯೇ ಮುಖದಲ್ಲಿ ನಗು ಬಂತು. ಗುರುತು ಸಿಕ್ಕಿದ ನಗು, ಅಷ್ಟೇ.

ಅವಳು ಅದನ್ನು ನೋಡಿದಳು. ಇಷ್ಟು ಜನ ಗಂಡಸರಲ್ಲಿ ತನ್ನನ್ನು ನೋಡಿ ನಕ್ಕವನು ಒಬ್ಬನೇ.

ನಾನು ಮುಂದೆ ಹೋಗುವಷ್ಟರಲ್ಲಿ ಅವಳು ನನ್ನನ್ನು ದಾಟಿ ಹೋಗಿಬಿಟ್ಟಿದ್ದಳು. ಗಂಟನ್ನು ಕೆಳಗಿಟ್ಟು, ಎರಡು ಕೈಯಲ್ಲೂ ಲೊವ್ರೆಯ ಮುಖ ಹಿಡಿದುಕೊಂಡಳು.

"ಎಷ್ಟು ಬಡವಾಗಿದ್ದೀರಿ! ಊಟ ಸರಿಯಾಗಿ ಹಾಕಲ್ವಾ ಇಲ್ಲಿ?" ಎಂದಳು. ಆಮೇಲೆ ನಕ್ಕಳು, ಅತ್ತಳು. "ದಾರಿ ಉದ್ದಕ್ಕೂ ಒಂದೇ ಭಯ. ಗುರುತು ಸಿಗ್ದೆ ಹೋದ್ರೆ ಏನು ಗತಿ ಅಂತ. ನೋಡಿ, ಸಾವಿರ ಜನರಲ್ಲಿ ನಿಂತಿದ್ರೂ ಗುರುತು ಹಿಡೀತಿದ್ದೆ ನಾನು."

ಅವಳ ಅಂಗೈಗಳ ನಡುವೆ ಲೊವ್ರೆಯ ಮುಖ ಸುಣ್ಣದಂತೆ ಬೆಳ್ಳಗಾಯಿತು. ಅವಳು ಒಂದು ಕೈಯಲ್ಲಿ ಅವನ ತೋಳು ಹಿಡಿದುಕೊಂಡೇ ನಮ್ಮ ಕಡೆ ತಿರುಗಿ, ಹೊಸ ಊರಿಗೆ ಬಂದ ಮದುವಣಗಿತ್ತಿಯ ಹಾಗೆ ಎಲ್ಲರಿಗೂ ತಲೆಬಾಗಿದಳು.

"ಇವರೆಲ್ಲ ನಿಮ್ಮ ಸ್ನೇಹಿತ್ರಾ?" ಎಂದಳು. ಆಗ ಅವಳ ಕಣ್ಣು ಎದೆಪಟ್ಟಿಗಳ ಮೇಲೆ ಬಿತ್ತು. "ಅಯ್ಯೋ, ಎಲ್ಲ ಕಪ್ಪು ಹಾಕಿದ್ದೀರಲ್ಲ. ಯಾರು ತೀರಿಕೊಂಡ್ರು?"

ನನ್ನ ಗಂಡ ಟೊಪ್ಪಿಯ ಅಂಚನ್ನು ಸುತ್ತುತ್ತಲೇ ಇದ್ದ.

"ಅತ್ತಿಗೆ," ಎಂದ ಲೊವ್ರೆ. "ನಾನು ಪಾವ್ಲೆ ಅಲ್ಲ."

ಅವಳು ಅವನ ತೋಳು ಬಿಡಲಿಲ್ಲ. ಅರ್ಥವಾಗಲಿಲ್ಲ ಎಂದು ಕಾಣುತ್ತದೆ. ನಾನು ಹೋಗಿ ಅವಳ ಭುಜ ಹಿಡಿದೆ. "ತಂಗಿ, ನಾನು ಪೆರ್ಕಾ. ನನ್ನ ಮನೇಲೇ ಇದ್ದದ್ದು ನಿನ್ನ ಗಂಡ. ಇಲ್ಲಿ ಕೂತ್ಕೋ," ಎಂದೆ. ಕೂರಿಸಿ ಹೇಳಿದೆ. ಹೇಳಬೇಕಾದದ್ದನ್ನು ಹೇಳಲು ಹೆಚ್ಚು ಮಾತು ಬೇಕಿರಲಿಲ್ಲ.

ಅವಳು ಕಿರುಚಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೈಗಳನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಎದ್ದು ಹೋಗಿ ರೈಲಿನ ಹಳಿಯ ಪಕ್ಕದ ನಲ್ಲಿಯಲ್ಲಿ ತೊಳೆದುಕೊಳ್ಳತೊಡಗಿದಳು. ಎಷ್ಟು ಹೊತ್ತಾದರೂ ತೊಳೆಯುತ್ತಲೇ ಇದ್ದಳು. ಲೊವ್ರೆ ಪ್ಲಾಟ್‌ಫಾರಮ್ಮಿನ ಆ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಮಾರನೆಯ ದಿನ ಅವಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದೆ. ಮಣ್ಣು ಇನ್ನೂ ಹಸಿ, ಸಂಘದವರು ಇಟ್ಟ ಹೂಮಾಲೆ ಬಾಡಿತ್ತು. ಅಲ್ಲಿ ಅವಳು ನಮ್ಮ ಕಡೆಯ ಹೆಂಗಸರ ಹಾಗೆ ಗಟ್ಟಿಯಾಗಿ, ಹೆಸರು ಹಿಡಿದು ಕರೆದು ಅಳುತ್ತಾಳೆಂದು ಕಾದೆ. ಕರೆಯಲು ಹೋದಳು. ಅರ್ಧಕ್ಕೇ ನಿಂತಿತು.

"ಯಾರನ್ನ ಅಂತ ಕರೀಲಿ ಅಕ್ಕ?" ಎಂದಳು. "ಕಣ್ಮುಂದೆ ಆ ಸ್ಟೇಷನ್ನಿನ ಮನುಷ್ಯನೇ ಬರ್ತಾನೆ."

"ಹೊಸದರಲ್ಲಿ ಹಾಗೇ. ಸರಿಹೋಗುತ್ತೆ," ಎಂದೆ ನಾನು.

ಸಂಘದ ಸಭೆಯಲ್ಲಿ ಅವಳನ್ನು ಊರಿಗೆ ವಾಪಸ್ಸು ಕಳಿಸುವ ಮಾತು ಬಂತು. ದಾರಿಯ ಖರ್ಚು ಸಂಘದ್ದೇ ಎಂದು ಎಲ್ಲರೂ ಕೈ ಎತ್ತಿದರು. ನನ್ನ ಗಂಡ ಕೋಟಿನ ಗುಂಡಿ ಹಾಕಿಕೊಂಡು ಅಡಿಗೆಮನೆಗೆ ಬಂದು ಅವಳಿಗೆ ಅದನ್ನು ತಿಳಿಸಿದ. ಅವಳು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು.

"ದೊಡ್ಡ ಮನಸ್ಸು ಮಾಡಿದ್ದೀರಿ, ಅಣ್ಣ. ಆದ್ರೆ ನಾನು ಹೋಗಲ್ಲ," ಎಂದಳು. "ಇಷ್ಟು ವರ್ಷ ಆ ಊರಲ್ಲಿ ಗಂಡ ಕರೆಸಿಕೊಳ್ಳದ ಹೆಂಡ್ತಿ ಅನ್ನಿಸ್ಕೊಂಡೆ. ಈಗ ಹೋದ್ರೆ ಬಾವಿಕಟ್ಟೆ ಹತ್ರ ಕೇಳ್ತಾರೆ, ಏನಾಯ್ತು ಅಂತ. ಗಂಡ ಅಂತ ಬೇರೆಯೋರ ಕೆನ್ನೆ ಹಿಡ್ಕೊಂಡೆ ಅಂತ ಹೇಳ್ಲಾ?"

ಹಾಗೆ ಅವಳು ನನ್ನ ಮನೆಯಲ್ಲಿ ಉಳಿದಳು. ಕೆಲಸಕ್ಕೆ ಅಂಜುವವಳಲ್ಲ. ಬೆಳಕು ಹರಿಯುವ ಮುಂಚೆ ಒಲೆ ಹೊತ್ತಿಸಿ, ಜೋಳದ ಹಿಟ್ಟಿನ ಮುದ್ದೆ ತಿರುವಿ, ಗಂಡಸರ ಬುತ್ತಿ ಕಟ್ಟಿ, ಆಮೇಲೆ ನನ್ನ ಜೊತೆ ಬಟ್ಟೆಯ ತೊಟ್ಟಿಗೆ ಬರುತ್ತಿದ್ದಳು. ಲೊವ್ರೆ ಅವಳ ಎದುರಿಗೆ ಬೀಳದ ಹಾಗೆ ಓಡಾಡುತ್ತಿದ್ದ. ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದ; ಎಲ್ಲೂ ಜಾಗವಿರಲಿಲ್ಲ. ಊಟಕ್ಕೆ ಕೂತರೆ ಮೇಜಿನ ಆ ತುದಿಗೆ, ತಲೆ ತಗ್ಗಿಸಿಕೊಂಡು.

ಒಂದು ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಬೀನ್ಸ್ ಕಾಳಿನ ಸಾರು, ಹುಳಿ ಬರಿಸಿದ ಕೋಸು ಉಣ್ಣುತ್ತಿದ್ದರು. ಅವಳು ಸೌಟು ಹಿಡಿದುಕೊಂಡೇ ನಿಂತು ಕೇಳಿಬಿಟ್ಟಳು.

"ನೀವೆಲ್ಲ ಅವರ ಜೊತೇಲಿ ಇದ್ದೋರು. ಅವರ ಮುಖ ಹೇಗಿತ್ತು, ಹೇಳಿ."

ಚಮಚೆಗಳು ನಿಂತವು.

"ಒಳ್ಳೆ ಮುಖ," ಎಂದ ನನ್ನ ಗಂಡ.

"ಮೀಸೆ ಇತ್ತು. ಮೇಲಕ್ಕೆ ತಿರುವ್ತಿದ್ದ," ಎಂದ ಬ್ಲಾಜ್.

"ಅವನಿಗೆಲ್ಲಿ ಮೀಸೆ? ಹೋದ ಈಸ್ಟರಿಗೇ ಬೋಳಿಸಿದ್ನಲ್ಲೋ," ಎಂದ ಇನ್ನೊಬ್ಬ.

"ಅದು ಕೆಲಸದಲ್ಲಿ ಬೆಂಕಿ ಕಿಡಿ ಹಾರಿ ಸುಟ್ಟಿದ್ದು. ಮತ್ತೆ ಬಿಟ್ಟಿದ್ದ."

"ಕಣ್ಣು?" ಎಂದಳು.

"ನೀಲಿ."

"ನೀಲಿ ಎಲ್ಲಿಂದ ಬಂತೋ ನಿನಗೆ? ಕಂದು. ನಂಗೆ ಚೆನ್ನಾಗಿ ಗೊತ್ತು."

"ನಿನಗೆ ರಾಕಿಯಾ ಸಾರಾಯಿ ಬಾಟಲಿ ಬಣ್ಣ ಬಿಟ್ರೆ ಇನ್ನೇನು ಗೊತ್ತು?"

ಜಗಳವೇ ಹತ್ತಿತು. ಅವನ ಹಾಡು ಹೇಗಿತ್ತು, ಅವನು ಬೆಂಚಿನ ಮೇಲೆ ಹೇಗೆ ಕೂರುತ್ತಿದ್ದ, ಬ್ರೆಡ್ಡನ್ನು ಚಾಕುವಿನಲ್ಲಿ ಕೊಯ್ಯದೆ ಹೇಗೆ ಮುರಿಯುತ್ತಿದ್ದ, ಇದೆಲ್ಲ ಎಲ್ಲರಿಗೂ ಗೊತ್ತು. ಮುಖ ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ನಾನೂ ನೆನಪು ಮಾಡಿಕೊಳ್ಳಲು ನೋಡಿದೆ. ದಿನಾ ಊಟ ಬಡಿಸಿದ ಮುಖ. ಹಣೆಯ ಮೇಲಿನ ಸುಟ್ಟ ಕಲೆ ಬಂತು, ಅದರ ಕೆಳಗಿನದು ಬರಲಿಲ್ಲ. ನಾವು ಒಬ್ಬರನ್ನೊಬ್ಬರು ಎಷ್ಟು ಕಡಿಮೆ ನೋಡುತ್ತೇವೆ ಎಂದು ಭಯವಾಯಿತು.

"ಹೋಗ್ಲಿ ಬಿಡಿ," ಎಂದಳು ತೋನ್ಕಾ. "ಹೆಂಡ್ತಿಗೇ ಗೊತ್ತಿಲ್ಲ. ನಿಮ್ಮನ್ನ ಅಂದು ಏನು ಪ್ರಯೋಜನ?"

ಅವಳು ಒಳಗೆ ಹೋದ ಮೇಲೆ ಲೊವ್ರೆ ಮೆಲ್ಲಗೆ, "ಬೂದು ಬಣ್ಣ. ಪಾವ್ಲೆ ಕಣ್ಣು ಬೂದು ಬಣ್ಣ," ಎಂದ.

ಸಂಘದ ಸಭಾಮಂದಿರದಲ್ಲಿ ಒಂದು ದೊಡ್ಡ ಫೋಟೋ ಇತ್ತು, ಬಾವುಟಕ್ಕೆ ಪಾದ್ರಿಗಳು ಮಂತ್ರಿಸಿದ ದಿನ ತೆಗೆಸಿದ್ದು. ಅದರಲ್ಲಿ ಪಾವ್ಲೆ ಇದ್ದಾನೆ ಎಂದು ಲೊವ್ರೆಯೇ ಮೊದಲು ನೆನಪಿಸಿದ. ಮುಂದಿನ ಶನಿವಾರ ಸಂಜೆ ಸಭಾಮಂದಿರ ಗುಡಿಸುವ ನೆಪದಲ್ಲಿ ಅವಳನ್ನು ಕರೆದುಕೊಂಡು ಹೋದೆ. ಲೊವ್ರೆ ಬಂದು ಬೆಂಚು ಹಾಕಿ, ಫೋಟೋವನ್ನು ಗೋಡೆಯಿಂದ ಇಳಿಸಿ, ತೋಳಿನಿಂದ ಧೂಳು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದ.

"ಎರಡನೇ ಸಾಲು, ಅತ್ತಿಗೆ. ಬಾವುಟದ ಕೋಲಿನ ಪಕ್ಕ. ಇದು ನಾನು. ಇದು ಅವನು."

ಅವಳು ಬಗ್ಗಿದಳು. ನಾನೂ ಬಗ್ಗಿದೆ. ಲೊವ್ರೆಯ ಮುಖ ಕಡೆದಿಟ್ಟ ಹಾಗೆ ಸ್ಪಷ್ಟವಾಗಿತ್ತು. ಅವನ ಪಕ್ಕದಲ್ಲಿ ಒಂದು ಕೋಟು, ಎದೆಪಟ್ಟಿ, ಕಾಲರು. ಕಾಲರಿನ ಮೇಲೆ ಹೊಗೆಯಂಥ ಒಂದು ಬಿಳಿ ಮಬ್ಬು.

"ಫೋಟೋದವನು ಅಲುಗಾಡಬೇಡಿ ಅಂದಿದ್ದ," ಎಂದ ಲೊವ್ರೆ. "ಪಾವ್ಲೆ ನನ್ನ ಕಡೆ ತಿರುಗಿ ಏನೋ ತಮಾಷೆ ಹೇಳ್ದ. ಅವನಿಗೆ ಸುಮ್ನಿರೋಕೆ ಆಗ್ತಿರ್ಲಿಲ್ಲ."

"ಏನು ಹೇಳಿದ್ರು?"

"ಬಾವುಟದಲ್ಲಿರೋ ಸಂತ ರೋಕನ ನಾಯಿ ನನಗಿಂತ ಚೆನ್ನಾಗಿ ನಿಂತಿದೆ ಅಂದ."

ಅವಳು ನಕ್ಕಳು. ನಕ್ಕವಳು ಬೆರಳನ್ನು ಆ ಮಬ್ಬಿನ ಮೇಲಿಟ್ಟು, ಗಾಜಿನ ಮೇಲಿನ ಕೊಳೆಯೇನೋ ಎಂಬಂತೆ ಉಜ್ಜಿದಳು. ಉಗುಳು ಹಚ್ಚಿ ಉಜ್ಜಿದಳು. "ಬಿಡು ತಂಗಿ," ಎಂದು ನಾನು ಕೈ ಹಿಡಿಯಬೇಕಾಯಿತು. ಲೊವ್ರೆ ಫೋಟೋವನ್ನು ಗೋಡೆಗೆ ತಗುಲಿಸುವಾಗ ಮೊಳೆ ಸಿಗದೆ ಎರಡು ಸಾರಿ ತಡವರಿಸಿದ.

ಆವತ್ತಿನಿಂದ ಅವರಿಬ್ಬರ ನಡುವೆ ಮಾತು ಶುರುವಾಯಿತು. ಪಾವ್ಲೆಯ ಮಾತೇ. ಲೊವ್ರೆಯ ಹತ್ತಿರ ಎಂಟು ವರ್ಷ ಜೊತೆಗಿದ್ದ ಪಾವ್ಲೆ ಇದ್ದ, ಅವಳ ಹತ್ತಿರ ಒಂದು ತಿಂಗಳು ಜೊತೆಗಿದ್ದವನು. ಲೊವ್ರೆ ನೀರು ಹೊತ್ತು ತರುವಾಗ, ಕಲ್ಲಿದ್ದಲು ಸುರಿಯುವಾಗ ಒಂದೊಂದೇ ಹೇಳುತ್ತಿದ್ದ. ಚಳಿಗಾಲ ಮುಗಿಯುವಷ್ಟರಲ್ಲಿ ಅವಳು ಅವನ ಪಾಳಿ ಮುಗಿಯುವ ಸೀಟಿ ಊದಿದರೆ ಸಾರನ್ನು ಒಲೆಯ ಮುಂದಕ್ಕೆ ಎಳೆಯುತ್ತಿದ್ದಳು. ವಸಂತದ ನೃತ್ಯಕ್ಕೆ ಸಂಘದ ಸಭಾಮಂದಿರದಲ್ಲಿ ತಂಬುರಿತ್ಸಾ ನುಡಿಸುವಾಗ ಎಲ್ಲರೂ ಕೈ ಹಿಡಿದು ಸುತ್ತು ಕಟ್ಟಿದರು. ಅವಳೂ ಲೊವ್ರೆಯ ಪಕ್ಕದಲ್ಲಿ ಕುಣಿದಳು. ಆಮೇಲಾಮೇಲೆ ನಾನು ಗಮನಿಸಿದ್ದು, ಅವನು ಅವಳನ್ನು ಅತ್ತಿಗೆ ಎಂದು ಕರೆಯುವುದನ್ನು ಬಿಟ್ಟಿದ್ದ. ಹೆಸರು ಹಿಡಿದೂ ಕರೆಯುತ್ತಿರಲಿಲ್ಲ. "ಇಲ್ಲಿ ನೋಡಿ," "ಅದೇನಂದ್ರೆ," ಹೀಗೇ ಸುತ್ತಿ ಬಳಸಿ ಮಾತಾಡುತ್ತಿದ್ದ.

ಪಾವ್ಲೆಯ ವರ್ಷದ ಪೂಜೆ ಆದ ಮೇಲೆ ಒಂದು ಮಧ್ಯಾಹ್ನ ಅವನು ನನ್ನ ಹತ್ತಿರ ಬಂದು ನಿಂತ. ಕೈಯಲ್ಲಿ ಟೊಪ್ಪಿ.

"ಪೆರ್ಕಕ್ಕ, ನೀವು ಒಂದು ಮಾತು ಕೇಳಿ ನೋಡ್ತೀರಾ?"

"ಏನು ಕೇಳ್ಬೇಕು ಅಂತ ಊರಿಗೆಲ್ಲ ಗೊತ್ತು. ನೀನು ಯಾವತ್ತು ಬಾಯಿ ಬಿಡ್ತೀಯ ಅಂತ ಬ್ಲಾಜ್ ಪಂಥ ಕಟ್ಟಿದ್ದಾನೆ," ಎಂದೆ.

ಅವನು ನಗಲಿಲ್ಲ. "ಸತ್ತೋನ ಜಾಗಕ್ಕೆ ಬರ್ತಿದ್ದೀನಿ ಅಂದ್ಕೋಬಾರದು ಅವರು. ಅಷ್ಟು ನೋಡ್ಕೊಳ್ಳಿ."

ನನಗೆ ಸಂತೋಷವಾಗಿತ್ತು. ಸಂಘದ ಹೆಂಗಸರಿಗೂ ಅಷ್ಟೇ. ಇಬ್ಬರೂ ಒಳ್ಳೆಯವರು, ಇಬ್ಬರೂ ಒಂಟಿ. ಅಂಗಳದಲ್ಲಿ ಬಟ್ಟೆ ಒಣಗಿಹಾಕುತ್ತಿದ್ದ ಅವಳ ಹತ್ತಿರ ಹೋಗಿ ಕೇಳಿದೆ. ಅವಳು ಆಗಲೇ ಹಿಂಡಿದ್ದ ಅಂಗಿಯನ್ನು ಮತ್ತೆ ಹಿಂಡಿದಳು.

"ಅವನನ್ನ ಕಂಡ್ರೆ ಇಷ್ಟ ಇಲ್ವಾ?" ಎಂದೆ.

"ಇಷ್ಟ ಇದೆ ಅಕ್ಕ. ಅದೇ ಕಷ್ಟ." ಅಂಗಿಯನ್ನು ತಂತಿಯ ಮೇಲೆ ಹಾಕಿದಳು. "ಕಣ್ಣು ಮುಚ್ಚಿ ಪಾವ್ಲೇನ ನೆನೆಸ್ಕೊಂಡ್ರೆ ಲೊವ್ರೆ ಬರ್ತಾನೆ. ಮದುವೆ ದಿನ ಚರ್ಚಲ್ಲಿ ಪಕ್ಕದಲ್ಲಿ ನಿಂತಿದ್ದೋನೂ ಲೊವ್ರೆ. ಊರು ಬಿಟ್ಟು ಹೋಗುವಾಗ ತಿರುವಿನಲ್ಲಿ ಟೊಪ್ಪಿ ಬೀಸಿದ್ದೋನೂ ಲೊವ್ರೆ. ಎಲ್ಲ ಕಡೆ ಇವನೇ. ಇವನನ್ನೇ ಮದುವೆ ಆದ್ರೆ ಪಾವ್ಲೆ ಅನ್ನೋ ಮನುಷ್ಯ ಹುಟ್ಟೇ ಇರ್ಲಿಲ್ಲ ಅನ್ನೋ ಹಾಗಾಗುತ್ತೆ. ಅಷ್ಟು ದೂರ ಬಂದು ನನಗಾಗಿ ದುಡಿದು ಸತ್ತ. ಒಂದು ಮುಖಾನಾದ್ರೂ ಉಳಿಸ್ಕೋಬೇಡ್ವಾ ನಾನು?"

"ಅದಕ್ಕೆ ಬದುಕಿರೋನು ಏನು ಮಾಡ್ಬೇಕು?"

"ಇವನು ಕಣ್ಮುಂದೆ ಇರೋ ತನಕ ಅವನು ಬರಲ್ಲ ಅಕ್ಕ."

ಹಿಂದೆ ಸಪ್ಪಳವಾಯಿತು. ಲೊವ್ರೆ ಬಾಗಿಲಲ್ಲೇ ನಿಂತಿದ್ದ. ತಾಳಲಾರದೆ ಬಂದಿರಬೇಕು. ಅವನು ಎಲ್ಲ ಕೇಳಿಸಿಕೊಂಡಿದ್ದ. ಅವಳೂ ಅವನನ್ನು ನೋಡಿದಳು. ಅವನು ತಲೆಯಾಡಿಸಿ ಒಳಗೆ ಹೋದ.

ಮುಂದಿನ ಸಭೆಯಲ್ಲಿ ಅವನು ಮಿಶಿಗನ್ನಿನ ತಾಮ್ರದ ಗಣಿ ಊರಿನ ಸಂಘಕ್ಕೆ ತನ್ನನ್ನು ವರ್ಗ ಮಾಡಿಕೊಡಿ ಎಂದು ಕೇಳಿಕೊಂಡ. ಅಲ್ಲಿಯೂ ನಮ್ಮವರ ಶಾಖೆ ಇತ್ತು. ಬ್ಲಾಜ್ ಎದ್ದು, "ನೆಲದ ಮೇಲೆ ಸಾಯೋದು ಬೇಜಾರಾಯ್ತೇನೋ, ನೆಲದ ಕೆಳಗೆ ಹೊರಟಿದ್ದೀಯ?" ಎಂದು ಕೂಗಿದ. ಎಲ್ಲರೂ ನಕ್ಕರು. ಆಮೇಲೆ ಲೊವ್ರೆಯ ಮುಖ ನೋಡಿ ನಗು ನಿಲ್ಲಿಸಿದರು.

ಅವನು ಹೊರಡುವ ದಿನ ತೋನ್ಕಾ ಬ್ರೆಡ್ಡು, ಹೊಗೆ ಹಾಕಿದ ಹಂದಿಮಾಂಸ, ಬೇಯಿಸಿದ ಮೊಟ್ಟೆ ಎಲ್ಲ ಒಂದು ಬಟ್ಟೆಯಲ್ಲಿ ಕಟ್ಟಿದಳು. ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

"ನೋಡ್ಬೇಡಿ, ಸರಿ," ಎಂದ ಅವನು. "ನಾನು ಹೋದ್ಮೇಲೆ ಅವನು ಬಂದ್ರೆ, ನಾನು ಕೇಳ್ದೆ ಅಂತ ಹೇಳಿ."

ಬಾಗಿಲು ಹಾಕಿಕೊಂಡ ಮೇಲೆ ಅವಳು ಮೇಜಿನ ಮೇಲೆ ಚೆಲ್ಲಿದ್ದ ಬ್ರೆಡ್ಡಿನ ಪುಡಿಯನ್ನು ಅಂಗೈಗೆ ಬಳಿದುಕೊಂಡು, ಎಲ್ಲಿ ಹಾಕಬೇಕೆಂದು ತಿಳಿಯದವಳಂತೆ ಹಾಗೇ ಹಿಡಿದುಕೊಂಡು ಕೂತಳು.

ಚಳಿಗಾಲಗಳು ಬಂದು ಹೋದವು. ನಮ್ಮ ಸಂಘ ಹೆಂಗಸರಿಗೂ ಶಾಖೆ ತೆರೆಯಿತು. ಅಲ್ಲಿಯ ತನಕ ನಾವು ಹೆಂಗಸರು ಗಂಡ ಸತ್ತರೆ ಮಾತ್ರ ಸಂಘಕ್ಕೆ ಕಾಣುತ್ತಿದ್ದೆವು. ಮೊದಲು ಸೇರಿದವರಲ್ಲಿ ತೋನ್ಕಾ ಒಬ್ಬಳು. ಕಾಯಿಲೆಯವರನ್ನು ನೋಡುವ ಕೆಲಸ ಅವಳಿಗೆ ಕೊಟ್ಟರು. ಬಾಣಂತಿಯರ ಮನೆ, ಕೆಮ್ಮಿನವರ ಮನೆ, ಎಲ್ಲ ಕಡೆ ಸಾರಿನ ಪಾತ್ರೆ ಹಿಡಿದು ಹೋಗುತ್ತಿದ್ದಳು. ಮದುವೆಗೆ ಕೇಳಿಕೊಂಡು ಬಂದವರು ಇನ್ನೂ ಇಬ್ಬರು ಮೂವರು. ಯಾರಿಗೂ ಹೂಂ ಅನ್ನಲಿಲ್ಲ. ಮಿಶಿಗನ್ನಿನ ಸುದ್ದಿ ನಮಗೆ ಬರುತ್ತಿರಲಿಲ್ಲ. ಲೊವ್ರೆ ಬರೆಯುವ ಪೈಕಿಯಲ್ಲ.

ಒಂದು ಬೇಸಿಗೆಯಲ್ಲಿ ನಾವಿಬ್ಬರೂ ಹಿತ್ತಲಲ್ಲಿ ಕೋಸು ಹೆಚ್ಚುತ್ತಿದ್ದಾಗ ಅವಳು ಚಾಕು ಕೆಳಗಿಟ್ಟಳು.

"ಬರಲಿಲ್ಲ ಅಕ್ಕ."

"ಯಾರು?"

"ಪಾವ್ಲೆ. ಲೊವ್ರೆ ಹೋದ್ಮೇಲೆ ಮುಖ ನೆನಪಿಗೆ ಬರುತ್ತೆ ಅಂತ ಕಾದೆ. ಬರಲೇ ಇಲ್ಲ. ಎಲ್ಲೂ ಇಲ್ಲ. ಇಷ್ಟು ದಿನ ಯಾವ ಬಾಗಿಲು ಕಾಯ್ತಾ ಕೂತಿದ್ದೆ ನಾನು?" ಅಳುತ್ತಿರಲಿಲ್ಲ. ಮಗ್ಗಲು ಬದಲಿಸಿ ಎದ್ದವಳ ಹಾಗೆ ಮುಖ ಬಿಚ್ಚಿಕೊಂಡಿತ್ತು. "ಬದುಕಿರೋನನ್ನಾದ್ರೂ ಹೋಗಿ ನೋಡ್ತೀನಿ. ಕೇಳ್ತೀನಿ. ನಾಚಿಕೆ ಗೀಚಿಕೆ ಎಲ್ಲ ಮುಗೀತು ನಂಗೆ."

ನಾನೇ ಅವಳ ಪೆಟ್ಟಿಗೆ ಕಟ್ಟಿದೆ. ಅಕ್ರೋಟು ತುಂಬಿದ ಸುರುಳಿ ರೊಟ್ಟಿ ಬೇಯಿಸಿ ಕೊಟ್ಟೆ. ನೀಲಿ ಬಣ್ಣದ ಅಂಗಿ ಹೊಸದಾಗಿ ಹೊಲಿಸಿಕೊಂಡಿದ್ದಳು. ಅವಳು ಬಂದಂದಿನಿಂದ ಕಪ್ಪು ಬಿಟ್ಟು ಬೇರೆ ಬಣ್ಣ ಉಟ್ಟದ್ದು ಅದೇ ಮೊದಲು. ಸಿಗ್ನಲ್ಲು ಬಿದ್ದಾಗ ನನ್ನ ಕೈ ಹಿಡಿದು, ಹುಡುಗಿಯ ಹಾಗೆ, "ಬೇಡ ಅಂದ್ರೆ?" ಎಂದಳು. "ಹೋಗೇ, ಅವನಾ ಬೇಡ ಅನ್ನೋನು!" ಎಂದೆ.

ವಾರ ಕಳೆಯುವ ಮುಂಚೆಯೇ ವಾಪಸ್ಸು ಬಂದಳು. ಬೆಳಿಗ್ಗೆ ನಾನು ಬಟ್ಟೆ ನೆನೆಹಾಕುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಅಂಗಿಯ ತೋಳು ಮಡಚಿ, ನನ್ನ ಎದುರಿಗೆ ಕೂತು ಸೋಪು ಕೈಗೆತ್ತಿಕೊಂಡಳು. ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ಬಾಗಿಲು ತೆಗೆದಿದ್ದು ಅವನ ಹೆಂಡ್ತಿ. ಹೋದ ಚಳಿಗಾಲದಲ್ಲಿ ಮದುವೆ ಆಯ್ತಂತೆ. ಹೆಸರು ಸ್ಲಾವಿತ್ಸಾ. ಚಿಕ್ಕೋಳು, ಹೊಟ್ಟೆ ಮುಂದಕ್ಕೆ ಬಂದಿದೆ. ಯಾರು ಅಂದ್ಳು. ಅವನ ಸ್ನೇಹಿತನ ಹೆಂಡ್ತಿ, ಸಂಘದ ಕೆಲಸಕ್ಕೆ ಈ ಕಡೆ ಬಂದಿದ್ದೆ ಅಂದೆ. ಕೈ ಹಿಡಿದು ಒಳಗೆ ಎಳ್ಕೊಂಡು ಹೋದ್ಳು. 'ಪಾವ್ಲೆ ಬಾಲೆನ್ ಹೆಂಡ್ತಿನಾ? ನಿಮ್ಮ ಗಂಡನ ಮಾತು ಎಷ್ಟು ಹೇಳಿದ್ದಾರೆ ಗೊತ್ತಾ ಅಕ್ಕ?' ಅಂದ್ಳು."

"ಅವನು?"

"ಸಂಜೆ ಗಣಿಯಿಂದ ಬಂದ. ನನ್ನ ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಕೈ ತೊಳ್ಕೊಂಡು ಬಂದು ಕೂತ. ಮೂರು ಜನ ಊಟ ಮಾಡಿದ್ವಿ. ಸ್ಟಾನ್ಕೊ ಅಣ್ಣ ಹೇಗಿದ್ದಾರೆ, ಬ್ಲಾಜ್ ಹೇಗಿದ್ದಾನೆ, ಎಲ್ಲ ಕೇಳ್ದ. ನನ್ನ ಅಂಗಿ ಕಡೆ ಒಂದ್ಸಲ ನೋಡ್ದ. ಅವನಿಗೆ ತಿಳೀತು ಅಕ್ಕ. ಯಾಕೆ ಬಂದೆ ಅಂತ ಅವನಿಗೆ ತಿಳೀತು."

ಅವಳು ಅಂಗಿಯ ಕೊರಳುಪಟ್ಟಿಗೆ ಸೋಪು ತಿಕ್ಕುತ್ತಲೇ ಇದ್ದಳು.

"ಅವಳಿಗೆ ಏನೂ ಗೊತ್ತಿಲ್ಲ, ಪಾಪ. ಊಟ ಆದ್ಮೇಲೆ ನನ್ನ ಕೈ ಹಿಡ್ಕೊಂಡು, 'ನಮಗೆ ಇಲ್ಲಿ ಯಾರೂ ಇಲ್ಲ ಅಕ್ಕ. ಮಗು ಹುಟ್ಟಿದ್ರೆ ನೀವೇ ಜ್ಞಾನತಾಯಿ ಆಗ್ಬೇಕು. ಅವರ ಪ್ರಾಣಸ್ನೇಹಿತನ ಹೆಂಡ್ತಿ, ನಿಮಗಿಂತ ಹತ್ತಿರದೋರು ಯಾರು?' ಅಂದ್ಳು."

ನನ್ನ ಕೈ ನಿಂತಿತು. ನಮ್ಮಲ್ಲಿ ಚರ್ಚಿನಲ್ಲಿ ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡ ಜ್ಞಾನತಾಯಿ ಆ ಮನೆಗೆ ರಕ್ತಸಂಬಂಧಿಗಿಂತ ಹೆಚ್ಚು. ಆಮೇಲೆ ಆ ಮಗುವಿನ ತಂದೆಯ ಕಡೆ ಬೇರೆ ಕಣ್ಣಿನಿಂದ ನೋಡುವುದು ಸ್ವಂತ ಅಣ್ಣನನ್ನು ನೋಡಿದ ಹಾಗೆ. ಅವನ ಹೆಂಡತಿ ಸತ್ತರೂ ಅಂಥ ಮದುವೆಗೆ ಚರ್ಚು ಒಪ್ಪುವುದಿಲ್ಲ.

"ಅವನು ಏನಂದ?"

"ತಟ್ಟೆ ನೋಡ್ತಾ ಕೂತಿದ್ದ."

"ನೀನು?"

"ತುಂಬಿದ ಬಸುರಿ ಅಕ್ಕ. ಕೈ ಹಿಡ್ಕೊಂಡು ಕೇಳ್ತಿದ್ದಾಳೆ. ಏನಂತ ಇಲ್ಲ ಅನ್ನಲಿ? ಆಗ್ಲಿ ಅಂದೆ."

ಸೆಪ್ಟೆಂಬರಿನಲ್ಲಿ ಮತ್ತೆ ಹೋದಳು. ಹೋಗುವ ಮುಂಚೆ ನನ್ನ ಅಡಿಗೆಮನೆಯ ಕಿಟಕಿಯ ಪಕ್ಕ ಕೂತು ಮಗುವಿಗೆ ಕುಲಾವಿ ಹೊಲಿದಳು, ಅಂಚಿಗೆಲ್ಲ ನಮ್ಮೂರಿನ ಕಸೂತಿ. ಬ್ಲಾಜ್ ಏನೋ ಹೇಳಲು ಬಾಯಿ ತೆರೆದವನು ಅವಳ ಸೂಜಿಯನ್ನು ನೋಡಿ ಹೊರಗೆ ಹೋಗಿ ಪೈಪು ಸೇದಿದ. ಹೆಣ್ಣು ಮಗು. ಸ್ಲಾವಿತ್ಸಾಳ ತಾಯಿಯ ಹೆಸರನ್ನೇ ಇಟ್ಟರು.

ತಿರುಗಿ ಬಂದ ದಿನ ಸೋಮವಾರ, ಬಟ್ಟೆಯ ದಿನ. ಅವಳು ಪ್ರಯಾಣದ ಆಯಾಸವನ್ನೂ ಲೆಕ್ಕಿಸದೆ ತೊಟ್ಟಿಗೆ ಬಂದಳು. ದೊಡ್ಡ ದೊಡ್ಡ ಹಾಸಿಗೆ ವಸ್ತ್ರಗಳು, ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಬೇಕು.

"ಮಗು ಹೇಗಿದೆ?" ಎಂದೆ.

"ತಲೆ ತುಂಬ ಕೂದಲು," ಎಂದಳು. "ನೀರು ಹಾಕಿದಾಗ ಅಳಲೇ ಇಲ್ಲ. ನನ್ನ ಬೆರಳು ಹಿಡ್ಕ..."

ಅವಳ ಕೈಗಳು ವಸ್ತ್ರದ ಮೇಲೆ ಹಾಗೇ ನಿಂತುಬಿಟ್ಟವು. ಇಷ್ಟು ವರ್ಷಗಳಲ್ಲಿ ಗುಡ್ಡದ ಮೇಲೂ ಬಾರದ ಅಳು ಆಗ ಬಂತು. ನಮ್ಮ ಕಡೆಯ ಹೆಂಗಸರ ಅಳು, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ. ಯಾರ ಹೆಸರನ್ನೂ ಕರೆಯಲಿಲ್ಲ. ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ಬಂದು, ನನ್ನ ಮುಖ ನೋಡಿ ಒಳಗೆ ಹೋದಳು. ನಾನು ಈ ತುದಿಯನ್ನು ಬಿಡದೆ ಹಿಡಿದುಕೊಂಡು ನಿಂತೆ. ವಸ್ತ್ರದಿಂದ ನೀರು ಸುರಿಯುತ್ತಲೇ ಇತ್ತು. ಸಾಕಷ್ಟು ಹೊತ್ತಾದ ಮೇಲೆ ಅವಳು ಮೊಣಕೈಯಿಂದ ಮುಖ ಒರೆಸಿಕೊಂಡು, "ಹಿಂಡಿ ಅಕ್ಕ," ಎಂದಳು. ಹಿಂಡಿದೆವು.